ಪಾಂಡಣ್ಣನ ಬಲಗೈ

ಇಲ್ಲೋ ತಮ್ಮಾ, ನಮ್ಮಪ್ಪ ನನ್ನ ಬಡೀಲಿಲ್ಲ, ಬಡದಿದ್ರ ಚಲೋ ಆಗತಿತ್ತು. ಎರಡ ಏಟ ಹಾಕಿ ರೊಟ್ಟಿ ಕೊಟ್ಟಿದ್ರ ಮುಗೀತಿತ್ತು. ನನ್ನ ಜೋಡಿ ಮಾತ ಬಿಟ್ಟಾ. ನಾ ಆಗ ಹದಿನೈದರ ಹುಡುಗ, ಅಲ್ಲ, ಹದಿನಾರ ಇರಬೇಕು, ಸಾಲಿ ಬಿಟ್ಟ ಎರಡ ವರ್ಷ ಆಗಿತ್ತು. ಜುಗೂಳದಾಗ ನಮ್ಮದು ಕಬ್ಬಿನ ಗಾಣ, ಬೆಲ್ಲ ಮಾಡೂದು. ನಮ್ಮಣ್ಣ ಪಾಂಡಣ್ಣ ಗಾಣಕ್ಕ ಕಬ್ಬ ಕೊಡಾಂವ, ನಾ ಇಂಜಿನ್ ಹಂತ್ಯಾಕ ಕುಂಡ್ರಾಂವ. ನನ್ನ ಕೆಲಸ ಏನ ಗೊತ್ತೈತಿ? ಯಾರರೆ ಚೀರಿದ್ರ ಇಂಜಿನ್ ಬಂದ್ ಮಾಡೂದು. ಅಷ್ಟ. ಅವತ್ತ ದಾರ್ಯಾಗ ಒಬ್ಬಾಂವ ಹೊಸಾ ಸೈಕಲ್ ತಂದಿದ್ದ. ನಂಗ ಕುಂತಲ್ಲಿ ಕುಂಡ್ರೂದು ಆಗಂಗಿಲ್ಲ ನೋಡು, ಒಂದ ಸುತ್ತ ಹೊಡದ ಬರ್ತೀನಿ ಅಂತ ಹ್ವಾದೆ. ಪಾಂಡಣ್ಣನ ಅಂಗಿ ತೋಳ ಕಬ್ಬಿನ ಜೋಡಿ ಒಳಗ ಹೋತು. ಚೀರಿದಾ. ಇಂಜಿನ್ ಹಂತ್ಯಾಕ ಯಾರಿದ್ರು? ಕಡೀಕ ಅಪ್ಪನೇ ಬೆಲ್ಲದ ಕೊಪ್ಪರಿಗಿ ಬಿಟ್ಟ ಓಡಿ ಬಂದ ಬಂದ್ ಮಾಡಿದಾ. ಬಲಗೈಯಾಗ ಹೆಬ್ಬೆರಳ ಒಂದ ಉಳೀತು. ಭಜನ್ಯಾಗ ಮೃದಂಗ ಬಾರಿಸಾಂವ ಅಂವ, ಅಥಣಿ ತನಕ ಕರೀತಿದ್ರು.

ಮುಂದ ಊರ ಮಂದಿ ಬಿಡ್ತಾರೇನು? "ಏ, ಸರೀರಿಲೇ, ಅಣ್ಣನ ಕೈ ತಿಂದಾಂವ ಬಂದ!" ಅಪ್ಪನ್ನ ಯಾರರೆ ಕೇಳಿದ್ರ, "ನನಗ ಒಬ್ಬನೇ ಮಗಾರಿ" ಅಂತಿದ್ದ, ನಾ ಎದುರಿಗೆ ನಿಂತಿದ್ರೂ. ನಾ ದನಾ ಕಟ್ಟೂಕಡೆ ಕುಂತ ಉಣಾಂವ. ಒಂದ ದಿನ ಸಾಯಬೇಕಂತ ಹೊಳಿಗೆ ಹ್ವಾದೆ. ಈಸಾಕ ಬರ್ತಿತ್ತು, ಹಾಳಾದ್ದು, ದಂಡೀಗೆ ತಂದ ಹಾಕ್ತು.

ಆ ಆಷಾಢದಾಗ ಊರ ದಿಂಡಿ, ವಿಠ್ಠಲನ ಭಜನಿ ಮಾಡೂ ಮಂದಿ, ಪಂಢರಪುರಕ್ಕ ನಡಕೊಂತ ಹೊಂಟ್ತು. ಅವ್ವ ನನ್ನ ತಲಿ ಮ್ಯಾಲ ಗಂಟ ಇಟ್ಟಳು.

"ನಾ ಒಲ್ಲೆ ಬೇ, ಅಪ್ಪ ಬರಾಕತ್ತಾನ."

"ಅಪ್ಪನ ಹಿಂದ ನಡೀಬ್ಯಾಡ, ನನ್ನ ಹಿಂದ ನಡಿ. ತಿರಗೂದ ಬೇಕಲಾ ನಿಂಗ? ತಿರಗು!"

ದಿಂಡ್ಯಾಗ ಒಂದ ಪದ್ಧತಿ ಐತಿ. ಭಜನಿ ಮುಗದ ಮ್ಯಾಲ ಎಲ್ಲಾರೂ ಎಲ್ಲಾರ ಕಾಲಿಗೆ ಬೀಳೂದು. ಮುದಕ ಹುಡುಗನ ಕಾಲಿಗೂ ಬೀಳ್ತಾನ, ಎದುರಿಗಿದ್ದಾಂವ ವಿಠ್ಠಲನೇ ಅಂತ. ಅಪ್ಪ ಸಾಲಿನಗುಂಟ ಬಂದಾ. ನನ್ನ ಬಾಜೂಕಿನಾಂವನ ಕಾಲ ಮುಟ್ಟಿದಾ, ನನ್ನ ಬಿಟ್ಟಾ, ಆಚೀಕಡಿಯಾಂವನ ಕಾಲ ಮುಟ್ಟಿದಾ. ಎಲ್ಲಾರೊಳಗೂ ವಿಠ್ಠಲ ಇದ್ದ, ನನ್ನೊಳಗ ಇರಲಿಲ್ಲ. ಅಪ್ಪನ ಹಿಂದ ಪಾಂಡಣ್ಣ. ಬಗ್ಗಿದಾ. ಆ ಬೆರಳಿಲ್ಲದ ಕೈ ನನ್ನ ಪಾದದ ಮ್ಯಾಲ ಇಟ್ಟಾ.

"ಬ್ಯಾಡೋ ಅಣ್ಣಾ" ಅಂತ ಹಿಂದ ಸರದೆ.

"ನಿಂದರಲೇ ಮಾರ್ತ್ಯಾ! ಕೈ ಇನ್ನೂ ನೋಯ್ತೈತಿ, ಎಷ್ಟ ಸಲ ಬಗ್ಗಸ್ತಿ ನನ್ನ?"

ನಾ ಅಲ್ಲೇ ಕೆಸರಾಗ ಕುಂತ ಅತ್ತೆ. ಪಂಢರಪುರ ಮುಟ್ಟೂತನಕ ದಿನಾ ಹಂಗ ಮಾಡಿದಾ ಅಂವ. ಅಪ್ಪ ದಿನಾ ಬಿಟ್ಟ ಹೋದಾ, ಇಂವ ದಿನಾ ಬಗ್ಗಿದಾ.

ದೇವರೇನ? ದೇವರ ಎಲ್ಲೀದೋ! ಗುಡಿ ಗದ್ದಲದಾಗ ದೂಡಿದ್ರು, ಯಾವನದೋ ಬೆನ್ನ ಕಂಡು ಹೊರಗ ಬಂದೆ. ಆದ್ರ ತಿರಗಿ ಬರೂ ಮುಂದ ಹೊಳಿ ದಂಡೀಲೆ ಬಂದ್ವಿ, ನಾ ನೀರಿನ ಕಡೆ ನೋಡಲಿಲ್ಲ. ಅದನ್ನ ಯಾರ ಮಾಡಿದ್ರು, ವಿಠ್ಠಲನೋ ಪಾಂಡಣ್ಣನೋ, ನಂಗೇನ ಗೊತ್ತು.

ಅಪ್ಪ ಸಾಯೂತನಕ ಮಾತಾಡಲಿಲ್ಲ. ಮಣ್ಣ ಕೊಡೂ ಮುಂದ ನಂಗ ಅಳೂನೂ ಬರಲಿಲ್ಲ, ಸುಳ್ಳ ಯಾಕ ಹೇಳ್ಲಿ, ಇನ್ನೂ ಸಿಟ್ಟ ಐತಿ. ನಾ ಮನ್ಯಾಗ ನಿಲ್ಲಲಿಲ್ಲ, ಲಾರಿ ಮ್ಯಾಲ ಊರೂರ ತಿರಗಿದೆ, ಆದ್ರ ಎಲ್ಲಿದ್ರೂ ಆಷಾಢಕ್ಕ ಬಂದ ಅಣ್ಣನ ಬಾಜೂಕ ನಡದೆ, ಅಂವ ಇರೂತನಕ. ನೋಡ್ರಿ ಹುಡುಗರಾ, ತಪ್ಪ ನೀವೂ ಎಲ್ಲಾರೂ ಮಾಡ್ತೀರಿ. ಯಾರರೆ ಮಾಫ್ ಮಾಡಾಕ ಬಂದ್ರ ಓಡಿ ಹೋಗಬ್ಯಾಡ್ರಿ, ಸುಮ್ಮ ನಿಂದರ್ರಿ.