ಕಲ್ಲಿನ ಸಾಹುಕಾರನ ಕರೆಂಟ್ ಲಾರಿ

ಒಂದು ಊರು. ಆ ಊರಿಗೆ ಒಬ್ಬ ಸಾಹುಕಾರ. ಅವನ ಹೆಸರು ಕೇಳಬೇಡಿ, ಹೇಳೋದಿಲ್ಲ. ಹೇಳಿದರೆ "ಓ, ಅವನ ಕಥೆಯಾ" ಅಂತ ನೀವೆಲ್ಲ ಆರಾಮಾಗಿ ಗೋಡೆಗೆ ಒರಗಿ ಕೂತುಬಿಡ್ತೀರಿ. ಗುಡ್ಡ ಒಡೆದು ಜಲ್ಲಿ ಮಾಡೋ ಕ್ರಷರ್ ಇಟ್ಟಿದ್ದ. ಜನ ಅವನನ್ನ ಕಲ್ಲಿನ ಸಾಹುಕಾರ ಅಂತಿದ್ರು. ಕೆಟ್ಟವನಾ? ಅಲ್ಲ. ದಾಸೋಹಕ್ಕೆ ಅಕ್ಕಿ ಕೊಡೋನು. ಹಣೆ ತುಂಬ ವಿಭೂತಿ ಹಚ್ಚೋನು. ಇಂಥ ಪ್ರವಚನಕ್ಕೆ ಬಂದು ಮೊದಲನೇ ಸಾಲಲ್ಲೇ ಕೂರೋನು. ನೋಡಿ, ಅದನ್ನ ಮರೀಬೇಡಿ.

ಆ ಸಾಹುಕಾರ ಒಂದು ಕರೆಂಟ್ ಲಾರಿ ತಂದ. ಡೀಸೆಲ್ ಬೇಡ, ಹೊಗೆ ಇಲ್ಲ, ಸದ್ದಿಲ್ಲ. ಹೊಟ್ಟೆ ತುಂಬ ಬ್ಯಾಟರಿ. ಇನ್ನೊಂದು ಸೋಜಿಗ ಏನಂದ್ರೆ, ಊರಲ್ಲಿ ಕರೆಂಟ್ ಹೋದಾಗ ಅದೇ ಲಾರಿ ಮನೆಗೆ ಕರೆಂಟ್ ಕೊಡ್ತಿತ್ತು. ಅಂಗಳದಲ್ಲಿ ನಿಲ್ಲಿಸಿ, ಕೇಬಲ್ ಸಿಕ್ಕಿಸಿದರೆ ಮುಗೀತು, ಬಂಗಲೆಗೆ ಬಂಗಲೆಯೇ ಬೆಳಗೋದು. ವಾರಗಟ್ಟಲೆ ಬೆಳಗೋ ಶಕ್ತಿ ಅದಕ್ಕೆ.

ಆ ಲಾರಿ ಓಡಿಸೋನು ಯಂಕೋಬ. ಹದಿನಾಲ್ಕು ವರ್ಷ ಸಾಹುಕಾರನ ಡೀಸೆಲ್ ಟಿಪ್ಪರ್ ಓಡಿಸಿದವನು. ಹೊಸ ಲಾರಿ ಬಂದಾಗ ಕಂಪನಿಯವರು ಇವನಿಗೇ ತರಬೇತಿ ಕೊಟ್ಟರು. ಯಾವ ಸ್ವಿಚ್ ಏನು, ಎಷ್ಟು ಕರೆಂಟ್ ಉಳಿದಿದೆ ಅಂತ ಪರದೆ ಮೇಲೆ ಹೆಂಗೆ ನೋಡಬೇಕು, ಎಲ್ಲ ಗೊತ್ತು. ಇಡೀ ಊರಲ್ಲಿ ಗೊತ್ತಿದ್ದವನು ಅವನೊಬ್ಬನೇ. ಒಳ್ಳೆ ಮನುಷ್ಯ. ಕುಡಿಯೋನಲ್ಲ, ಎದುರು ಮಾತಾಡೋನಲ್ಲ. ಮನೆಯಲ್ಲಿ ಶಾಲೆಗೆ ಹೋಗೋ ಎರಡು ಹೆಣ್ಣುಮಕ್ಕಳು.

ಈಗ ಬಂಗಲೆಯ ಹಿಂದಿನ ಗೋಡೆ ಆಚೆ ನೋಡಿ. ಅಲ್ಲೊಂದು ತಗಡಿನ ಮನೆ. ಅದರಲ್ಲಿ ದುರುಗಪ್ಪ, ಅವನ ಹೆಂಡತಿ ಹುಲಿಗೆವ್ವ. ದುರುಗಪ್ಪ ಹತ್ತೊಂಬತ್ತು ವರ್ಷ ಸಾಹುಕಾರನ ಕ್ರಷರಲ್ಲೇ ದುಡಿದವನು. ಬಾಯಿಗೆ ಟವೆಲ್ ಕಟ್ಟಿಕೊಂಡು ಕಲ್ಲು ತುಂಬಿದ. ಟವೆಲ್ ಎಷ್ಟು ಧೂಳು ತಡೀತದೆ? ಐವತ್ತು ದಾಟೋದರೊಳಗೆ ಎದೆ ತುಂಬ ಕಲ್ಲಿನ ಪುಡಿ ಕೂತುಬಿಡ್ತು. ಹತ್ತು ಹೆಜ್ಜೆ ನಡೆದರೆ ಉಸಿರಿಲ್ಲ. ದವಾಖಾನೆಯವರು ಆಕ್ಸಿಜನ್ ಮಷೀನ್ ಕೊಟ್ಟರು. ಸಣ್ಣ ಪೆಟ್ಟಿಗೆ, ಗುರ್ ಅಂತ ಸದ್ದು ಮಾಡ್ತಾ ಗಾಳಿ ಎಳೆದು ಮೂಗಿನ ನಳಿಕೆಗೆ ಕಳಿಸೋದು. ಕರೆಂಟ್ ಹೋದರೆ ಇರಲಿ ಅಂತ ಒಂದು ಸಿಲಿಂಡರ್. ಅದು ಒಂದು ದಿನಕ್ಕೆ ಸಾಕು, ಅಷ್ಟೇ.

ಒಂದು ಶುಕ್ರವಾರ ಸಂಜೆ ಬಿರುಗಾಳಿ ಎದ್ದಿತು. ಊರಿನ ಮೂವತ್ತು ಕಂಬ ನೆಲಕ್ಕೆ. ಟ್ರಾನ್ಸ್‌ಫಾರ್ಮರ್ ಸುಟ್ಟು ಕರಕಲು. ಸೋಮವಾರದ ತನಕ ಕರೆಂಟಿಲ್ಲ ಅಂತ ಲೈನ್‌ಮನ್ ಹೇಳಿ ಹೋದ. ಯಂಕೋಬ ಲಾರಿ ತಂದು ಅಂಗಳದಲ್ಲಿ ನಿಲ್ಲಿಸಿದ, ಸ್ವಿಚ್ ಒತ್ತಿದ. ಬಂಗಲೆ ಝಗಝಗ! ಪರದೆ ಮೇಲೆ ನೂರಕ್ಕೆ ತೊಂಬತ್ತನಾಲ್ಕು ಅಂತ ತೋರಿಸ್ತಿತ್ತು.

ಶನಿವಾರ ಬೆಳಿಗ್ಗೆಯಿಂದ ಜಾತ್ರೆಗೆ ಬಂದಂಗೆ ಜನ ಬಂದರು ಆ ಲಾರಿ ನೋಡೋಕೆ. ಸಾಹುಕಾರ ತೋರಿಸಿದ್ದೇ ತೋರಿಸಿದ್ದು. ಮೂರು ಎ.ಸಿ. ಓಡ್ತಾ ಇದೆ, ನೋಡ್ರಿ. ಎರಡು ಫ್ರಿಜ್ಜು, ನೋಡ್ರಿ. ನಡುಮನೆಯಲ್ಲಿ ಗಾಜಿನ ತೊಟ್ಟಿ, ಅದರಲ್ಲಿ ಬಣ್ಣದ ಮೀನು, ಮೀನಿಗೆ ಗಾಳಿ ಊದೋ ಸಣ್ಣ ಪಂಪು, ಬುಳುಬುಳು ಅಂತ ಗುಳ್ಳೆ. ನೋಡ್ರಿ, ನೋಡ್ರಿ! ಎಲ್ಲರೂ ನೋಡಿದರು. ಮೀನಿಗೆ ಗಾಳಿ ಸಿಗ್ತಾ ಇದೆ ಅಂತ ಖುಷಿಪಟ್ಟರು.

ಆ ಮಧ್ಯಾಹ್ನ ಹುಲಿಗೆವ್ವ ಗೇಟಿನ ಹತ್ತಿರ ಬಂದಳು. ಒಳಗೆ ಬರಲಿಲ್ಲ. ಯಂಕೋಬನನ್ನೇ ಕರೆದಳು.

"ಯಪ್ಪಾ ಯಂಕೋಬಾ, ಸಿಲಿಂಡರ್ ಮುಗ್ಯಾಕ ಬಂದೈತಿ. ಒಂದು ವಯರ್ ಗ್ವಾಡಿ ಮ್ಯಾಲಿಂದ ಬಿಡಾಕ ಬರ್ತೈತೇನು? ನಮಗ ಲೈಟ್ ಬ್ಯಾಡ, ಫ್ಯಾನ್ ಬ್ಯಾಡ. ಅವರ ಮಷೀನ್ ಒಂದು ನಡದ್ರ ಸಾಕು."

ಯಂಕೋಬನಿಗೆ ಲೆಕ್ಕ ಗೊತ್ತಿತ್ತು. ಆ ಮಷೀನ್ ಇಡೀ ದಿನ ಓಡಿದರೂ ಲಾರಿಯ ಬ್ಯಾಟರಿಯಲ್ಲಿ ನೂರಕ್ಕೆ ಮೂರು ಭಾಗ ಕರಗೋದು. ಮೂರೇ ಮೂರು! ಲಾರಿಯೊಳಗೆ ಉದ್ದನೆ ಕೇಬಲ್ಲಿನ ಸುರುಳಿ ಇತ್ತು. ಗೋಡೆ ಇದ್ದದ್ದು ಮೂವತ್ತು ಹೆಜ್ಜೆ ದೂರದಲ್ಲಿ.

"ಈಗ ಕೊಡ್ತೀನಕ್ಕಾ, ಒಂದು ಮಾತು ಸಾಹುಕಾರ್‌ನ ಕೇಳಿ ಬರ್ತೀನಿ," ಅಂದ.

ಕೇಳಿಸಿಕೊಂಡಿರಾ? ಒಂದು ಮಾತು ಕೇಳಿ ಬರ್ತೀನಿ ಅಂದ.

ಸಾಹುಕಾರ ಸೋಫಾ ಮೇಲೆ ಕೂತಿದ್ದ. "ಪಾಪ, ದುರುಗಪ್ಪ ನಮ್ಮ ಮನಷ್ಯಾ," ಅಂದ. ಹೌದು, ಪಾಪ ಅಂದ! "ಆದ್ರ ನೋಡು ಯಂಕೋಬಾ, ಒಬ್ರಿಗೆ ಕೊಟ್ಟರ ಓಣಿ ಪೂರಾ ವಯರ್ ಹಿಡಕೊಂಡು ಬರ್ತೈತಿ. ಯಾರಿಗಂತ ಇಲ್ಲ ಅನ್ನೂದು? ಹೊರಗಿನ ಮನಿಗೆ ಕೊಡಬ್ಯಾಡ್ರಿ ಅಂತ ಕಂಪನಿಯವ್ರೂ ಹೇಳ್ಯಾರ. ನಾಳೆ ನೋಡೋಣಂತ."

ಯಂಕೋಬ ಗೇಟಿಗೆ ವಾಪಸ್ ಬಂದ. "ನಾಳೆ ನೋಡೋಣ ಅಂದಾರಕ್ಕಾ," ಅಂದ. ಹುಲಿಗೆವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿ ಹೊರಟಳು. ಓಣಿಯಲ್ಲಿ ಅವರಿವರ ಹತ್ತಿರ ಬೀಸಣಿಗೆ ಕೇಳಿಕೊಂಡು ಹೋದಳಂತೆ.

ಭಾನುವಾರ ಬೆಳಿಗ್ಗೆ ಏಳಕ್ಕೆ ಯಂಕೋಬನಿಗೆ ತಡೆಯೋಕಾಗಲಿಲ್ಲ. ಗೋಡೆ ಆಚೆಯಿಂದ ದುರುಗಪ್ಪನ ಉಸಿರಿನ ಸದ್ದು ಕೇಳ್ತಿತ್ತು. ಕಮ್ಮಾರನ ಹಳೇ ತಿದಿ ಒತ್ತಿದಂಥ ಸದ್ದು. ಕೇಬಲ್ ಬಿಚ್ಚಿದ. ಲಾರಿಯಿಂದ ಗೋಡೆ ತನಕ ಎಳೆದ. ಆ ತುದಿ ಗೋಡೆ ಮೇಲಿಟ್ಟ. ಈ ತುದಿಯ ಪ್ಲಗ್ ಕೈಯಲ್ಲಿ ಹಿಡಿದು ಲಾರಿ ಪಕ್ಕ ನಿಂತ. ಸಿಕ್ಕಿಸೋದೊಂದೇ ಬಾಕಿ.

ನಿಂತ. ನಿಂತೇ ಇದ್ದ.

ಯಾಕೆ? ಸಾಹುಕಾರ ಒಳಗೆ ಲಿಂಗಪೂಜೆಗೆ ಕೂತಿದ್ದ. ಪೂಜೆ ನಡುವೆ ಹೆಂಗೆ ಕೇಳೋದು? ಕೇಳದೆ ಹೆಂಗೆ ಸಿಕ್ಕಿಸೋದು? ಕೆಲಸ ಹೋದರೆ? ಹೆಣ್ಣುಮಕ್ಕಳ ಶಾಲೆ? ಹಿಂಗೆ ಯೋಚನೆ ಮಾಡ್ತಾ ಮಾಡ್ತಾ ಒಂದು ಗಂಟೆ ಕಳೀತು.

ಸಾಹುಕಾರ ಹೊರಗೆ ಬಂದ. ಕೇಬಲ್ ನೋಡಿದ. ಸಿಟ್ಟಾಗಲಿಲ್ಲ, ನಕ್ಕ. "ಏ ಹುಚ್ಚಪ್ಪಾ, ಇವತ್ತು ಸ್ವಾಮಿಗಳು ಪಾದಪೂಜೆಗೆ ಬರಾಕಹತ್ಯಾರ. ಅವರ ಮುಂದ ಕರೆಂಟ್ ಕಡಿಮಿ ಬಿದ್ರ ಹೆಂಗ? ಪ್ರಸಾದ ಮುಗೀಲಿ. ಆಮ್ಯಾಲ ಕೊಡು."

ಸ್ವಾಮಿಗಳು ಬಂದರು. ಎ.ಸಿ. ಕೋಣೆಯಲ್ಲಿ ಕೂತರು. ಪಾದಪೂಜೆ ಆಯ್ತು, ಹಾರ ಬಿತ್ತು, ಹೋಳಿಗೆ ಆಯ್ತು. ಊರಿಗೆಲ್ಲ ಕರೆಂಟಿಲ್ಲದಿರುವಾಗ ಈ ತಂಪು ಎಲ್ಲಿಂದ ಬಂತು ಅಂತ ಆ ಸ್ವಾಮಿ ಕೇಳಲಿಲ್ಲ. ನೆರೆಯವರು ಹೆಂಗಿದ್ದಾರೆ ಅಂತ ಕೇಳಲಿಲ್ಲ. ನಾನು ಬೇರೆಯವರನ್ನ ಬೈಯ್ತಿಲ್ಲ, ತಾಯಂದಿರೇ. ನಾನೂ ಅಂಥ ಎಷ್ಟೋ ತಂಪು ಕೋಣೆಯಲ್ಲಿ ಕೂತು ಪ್ರಸಾದ ಮಾಡಿದ್ದೀನಿ. ನಾನೂ ಕೇಳಿಲ್ಲ. ಈ ಕಾವಿಗೂ ಅದರಲ್ಲಿ ಪಾಲಿದೆ.

ಒಳಗೆ ಹೋಳಿಗೆಗೆ ತುಪ್ಪ ಬೀಳ್ತಿದ್ದಾಗ ಹಿಂದಿನ ಮನೆ ಮುಂದೆ ಒಂದು ಆಟೋ ಬಂದು ನಿಂತಿತು. ದುರುಗಪ್ಪನ ತುಟಿ ನೀಲಿಯಾಗಿತ್ತು. ನಾಲ್ಕು ಜನ ಎತ್ತಿ ಕೂರಿಸಿದರು. ತಾಲ್ಲೂಕು ದವಾಖಾನೆ ದಾರಿಗೆ ಅಡ್ಡ ಹುಣಸೆಮರ ಬಿದ್ದಿತ್ತು. ಆಟೋದವನು ಹಳ್ಳದ ದಾರಿ ಹಿಡಿದ. ಹಳ್ಳ ದಾಟಿದ ಮೇಲೆ ಹುಲಿಗೆವ್ವ ಅವನ ಭುಜ ಮುಟ್ಟಿ ಹೇಳಿದಳಂತೆ, "ಇನ್ನ ಜೋರ ಹೊಡೀಬ್ಯಾಡಪ. ಸಾವಕಾಶ ತಿರುಗಿಸು."

ಮೂರು ಗಂಟೆಗೆ ಹೆಣ ಮನೆಗೆ ಬಂತು.

ಈಗ ಕೇಳಿ. ಈಗ ಸರಿಯಾಗಿ ಕೇಳಿ. ಸುದ್ದಿ ಕೇಳಿದ ಸಾಹುಕಾರ ಏನು ಮಾಡಿದ? ಅತ್ತ! ನಿಜವಾಗಿಯೂ ಅತ್ತ. ದುರುಗಪ್ಪನ ಮಗಳನ್ನ ಸೊಲ್ಲಾಪುರಕ್ಕೆ ಕೊಟ್ಟಿದ್ದರು. ಅವಳು ಬಂದು ಸೇರೋದು ಮರುದಿನ ಬೆಳಿಗ್ಗೆ. ಅಲ್ಲಿ ತನಕ ಹೆಣ ಕೆಡಬಾರದು. ಸಾಹುಕಾರ ಫೋನ್ ಮೇಲೆ ಫೋನ್ ಮಾಡಿ ಹೆಣ ಇಡೋ ಫ್ರೀಜರ್ ಪೆಟ್ಟಿಗೆ ತರಿಸಿದ. "ಯಂಕೋಬಾ, ಏನ್ ನೋಡ್ತಿ? ಗ್ವಾಡಿ ಮ್ಯಾಲಿಂದ ವಯರ್ ಬಿಡು, ಲಗೂನ!" ಅಂದ.

ಅದೇ ಕೇಬಲ್. ಅದೇ ಗೋಡೆ. ಬೆಳಿಗ್ಗೆ ಎಳೆದಿಟ್ಟಿದ್ದು ಹಂಗೇ ಇತ್ತು. ಉಸಿರಿಗೆ ಸಿಗದ ಕರೆಂಟ್ ಹೆಣಕ್ಕೆ ಸಿಕ್ತು! ಕಂಪನಿ ಮಾತು ಎಲ್ಲಿ ಹೋಯ್ತು? ಓಣಿ ಪೂರಾ ಬರ್ತೈತಿ ಅನ್ನೋ ಭಯ ಎಲ್ಲಿ ಹೋಯ್ತು?

ಯಂಕೋಬ ಗೋಡೆ ಸುತ್ತಿ ಹೋಗಿ ಆ ಮನೆಯೊಳಗೆ ಪೆಟ್ಟಿಗೆಗೆ ಕರೆಂಟ್ ಜೋಡಿಸಿದ. ಪೆಟ್ಟಿಗೆ ಗುರ್ ಅಂತು. ಮೂಲೆಯಲ್ಲಿ ಕೂತಿದ್ದ ಹುಲಿಗೆವ್ವ ತಲೆ ಎತ್ತಿದಳು.

"ಯಪ್ಪಾ, ಈ ಪೆಟಗಿ ಭಾಳ ಕರೆಂಟ್ ತಗೊಂತೈತೋ, ಅವರ ಮಷೀನ್ ಭಾಳ ತಗೊಂತಿತ್ತೋ?"

ಯಂಕೋಬ ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ.

"ಪೆಟಗೀನ ಹೆಚ್ಚಕ್ಕಾ."

ಹುಲಿಗೆವ್ವ ಆ ವಯರ್ ಕಿತ್ತು ಸಾಹುಕಾರನ ಮುಖಕ್ಕೆ ಎಸೀಬೇಕಿತ್ತು ಅನ್ನಿಸ್ತಾ ಇದೆಯಲ್ಲ ನಿಮಗೆ? ನನಗೂ ಅನ್ನಿಸುತ್ತೆ. ಆದರೆ ಅವಳಿಗೆ ಮಗಳು ಅಪ್ಪನ ಮುಖ ನೋಡಬೇಕಿತ್ತು. "ಇರಲಿ, ಮಗಳು ಬರೂತನಕ ನಡೀಲಿ," ಅಂದಳು. ಬಡವರಿಗೆ ಸಿಟ್ಟು ಮಾಡಿಕೊಳ್ಳೋಕೂ ಬಿಡುವು ಕೊಡೋದಿಲ್ಲ ನಾವು.

ಊರಿನ ಜನ ಏನಂದ್ರು ಗೊತ್ತಾ? ನಿಮ್ಮಂಥವರೇ, ನನ್ನಂಥವರೇ. "ಎಂಥಾ ದೊಡ್ಡ ಮನಸ್ಸು ನೋಡ್ರಿ ಸಾಹುಕಾರ್ದು, ಸತ್ತವರ ಮನಿಗೆ ಕರೆಂಟ್ ಕೊಟ್ಟಾರ!"

ಸೋಮವಾರ ಮಗಳು ಬಂದಳು. ಮಣ್ಣಾಯಿತು. ಸಂಜೆಗೆ ಊರಿನ ಕರೆಂಟೂ ಬಂತು. ಯಂಕೋಬ ಲಾರಿ ಹತ್ತಿ ಪರದೆ ನೋಡಿದ. ನೂರಕ್ಕೆ ಅರವತ್ತೊಂದು. ಮೂರು ದಿನ ಮೂರು ಎ.ಸಿ., ಎರಡು ಫ್ರಿಜ್ಜು, ಬಂದವರಿಗೆಲ್ಲ ಫ್ಯಾನು, ಕಡೆಗೆ ಹೆಣದ ಪೆಟ್ಟಿಗೆ, ಎಲ್ಲ ಓಡಿಸಿಯೂ ಅರವತ್ತೊಂದು ಉಳಿದಿತ್ತು. ಏನು ಮಾಡೋದಿತ್ತು ಅದನ್ನ? ಯಾರ ಮದುವೆಗೆ ಎತ್ತಿಟ್ಟಿದ್ದರು?

ಲಾರಿ ಕೀಲಿ ತಗೊಂಡು ಹೋಗಿ ಸಾಹುಕಾರನ ಮುಂದಿಟ್ಟ.

"ಯಾಕೋ?" ಅಂದ ಸಾಹುಕಾರ.

"ಅರವತ್ತೊಂದು ಉಳದೈತ್ರಿ. ಅವನಿಗೆ ಬೇಕಾಗಿದ್ದು ದಿನಕ್ಕ ಮೂರು."

"ಅವನ ಆಯುಷ್ಯ ಅಷ್ಟ ಇತ್ತು. ನಾವೇನ್ ಮಾಡಾಕ ಬರ್ತೈತಿ?"

"ಆಯುಷ್ಯ ಅನ್ನಬ್ಯಾಡ್ರಿ," ಅಂದ ಯಂಕೋಬ. ಹದಿನಾಲ್ಕು ವರ್ಷದಲ್ಲಿ ಎದುರು ಮಾತಾಡಿದ್ದು ಅದೇ ಮೊದಲು. "ನೀವು ನಾಳೆ ಅಂದ್ರಿ, ನಾನು ಹೂಂ ಅಂದೆ. ಇಬ್ರೂ ಕೂಡಿ ಕೊಂದ್ವಿ."

ಅಲ್ಲಿಂದ ಸೀದಾ ಹುಲಿಗೆವ್ವನ ಹತ್ತಿರ ಹೋದ. ಮಗಳೂ ಅಲ್ಲೇ ಇದ್ದಳು. ಇಬ್ಬರ ಮುಂದೆ ನೆಲದ ಮೇಲೆ ಕೂತ. ಎಲ್ಲ ಹೇಳಿದ. ಕೇಬಲ್ ಎಳೆದದ್ದು, ಪ್ಲಗ್ ಹಿಡಿದು ನಿಂತದ್ದು, ಪೂಜೆ ಮುಗೀಲಿ ಅಂತ ಕಾದದ್ದು. "ನಾನು ಸಾಹುಕಾರ್ನ ಕೇಳಿದೆ ಅಕ್ಕಾ, ದೇವರಾಣಿ ಕೇಳಿದೆ," ಅಂತ ಅತ್ತ.

ಹುಲಿಗೆವ್ವ ಹೇಳಿದಳು: "ಕೇಳಿದ್ದು ಗೊತ್ತೈತಪ. ಕೇಳಾಕ ಯಾಕ ಹೋದಿ?"

ಅಷ್ಟೇ ಕಥೆ. ಯಂಕೋಬ ಈಗ ಬೇರೆ ಊರಲ್ಲಿ ಬಾಡಿಗೆ ಟೆಂಪೋ ಓಡಿಸ್ತಾನೆ.

ಈಗ ನೀವು. ಸಾಹುಕಾರನ ಮಾತು ಬಂದಾಗ ಹಿಂದಿನ ಸಾಲಿನವರು ಮುಂದಿನ ಸಾಲಿನವರ ಕಡೆ ತಿರುಗಿ ನೋಡಿದಿರಿ, ನಾನು ಕಂಡೆ. ಅಲ್ಲೆಲ್ಲೋ ಒಬ್ಬ ಸಾಹುಕಾರ ಕೂತಿದ್ದಾನೆ, ಪೆಟ್ಟು ಅವನಿಗೆ ಬೀಳ್ತಾ ಇದೆ ಅಂತ ಒಳಗೊಳಗೇ ಖುಷಿ. ಅವನಿಗೂ ಬೀಳುತ್ತೆ, ಬಿಡೋದಿಲ್ಲ. ಆದರೆ ನೀವು ಯಾರು? ಲಾರಿ ನಿಮ್ಮದಲ್ಲ, ಸರಿ. ಪ್ಲಗ್ ಯಾರ ಕೈಯಲ್ಲಿದೆ? ರೇಷನ್ ಅಂಗಡಿಯಲ್ಲಿ ತಕ್ಕಡಿ ಹಿಡಿದ ಕೈ ನಿಮ್ಮದೇ ಅಲ್ಲವಾ? ದವಾಖಾನೆಯಲ್ಲಿ "ಸಾಹೇಬ್ರು ಬರಲಿ" ಅಂತ ಬಾಗಿಲು ಹಾಕಿಕೊಂಡು ಕೂತ ಕೈ ಯಾರದು? ಪಂಚಾಯ್ತಿ ನೀರಿನ ವಾಲ್ವ್ ತಿರುಗಿಸೋ ಕೈ ಯಾರದು? ಎದುರಿಗೆ ಒಂದು ಜೀವ ಉಸಿರಿಗೆ ಒದ್ದಾಡ್ತಾ ಇದೆ, ಉಳಿಸೋದು ಕೈಯಲ್ಲೇ ಇದೆ, ಆದರೂ "ಒಂದು ಮಾತು ಕೇಳಿ ಬರ್ತೀನಿ" ಅಂತೀರಿ! ಯಾರನ್ನ ಕೇಳ್ತೀರಿ? ಇಲ್ಲ ಅನ್ನೋದೇ ರೂಢಿ ಆದವನನ್ನ ಕೇಳ್ತೀರಿ! ಅವನು ಇಲ್ಲ ಅಂದ ಮೇಲೆ ಪಾಪ ಅವನ ತಲೆಗೆ ಕಟ್ಟಿ, ಊಟ ಮಾಡಿ, ಮಲಗ್ತೀರಿ.

ಇನ್ನು ಮೇಲೆ ಹಂಗೆ ಆಗಬಾರದು. ಮನೆಯಲ್ಲಿ ಇನ್ವರ್ಟರ್ ಇದ್ದವರು, ಜನರೇಟರ್ ಇದ್ದವರು, ಕರೆಂಟ್ ಗಾಡಿ ತಂದು ಮೆರೆಯೋರು, ಕರೆಂಟ್ ಹೋದ ಕೂಡಲೇ ನಿಮ್ಮ ಫ್ಯಾನ್ ಹಾಕಿಕೊಳ್ಳೋ ಮೊದಲು ಅಕ್ಕಪಕ್ಕದ ಮನೆಗೆ ಹೋಗಿ. ಮಷೀನ್ ಮೇಲೆ ಉಸಿರಾಡೋರು ಇದ್ದಾರಾ? ಸಕ್ಕರೆ ಕಾಯಿಲೆಯ ಇಂಜೆಕ್ಷನ್ ತಂಪಲ್ಲಿ ಇಡಬೇಕಾದವರು ಇದ್ದಾರಾ? ಅವರು ಬಂದು ಗೇಟಿನ ಹತ್ತಿರ ನಿಲ್ಲೋ ತನಕ ಕಾಯಬೇಡಿ. ನೀವೇ ವಯರ್ ತಗೊಂಡು ಹೋಗಿ. ಒಬ್ಬರಿಗೆ ಕೊಟ್ಟರೆ ಓಣಿ ಪೂರಾ ಬರುತ್ತೆ ಅಂತೀರಾ? ಬರಲಿ! ಅವರನ್ನೆಲ್ಲ ಕೂರಿಸಿ, ಯಾರಿಗೆ ಮೊದಲು ಬೇಕು ಅಂತ ಕೇಳಿ. ಓಣಿಯವರೇ ಹೇಳ್ತಾರೆ. ಮತ್ತೆ ಇನ್ನೊಬ್ಬರ ಕೈಕೆಳಗೆ ದುಡಿಯೋರು, ಜೀವದ ಪ್ರಶ್ನೆ ಬಂದಾಗ ಮೊದಲು ಕೊಡಿ, ಆಮೇಲೆ ಹೇಳಿ. ಬೈದರೆ ಬೈಸಿಕೊಳ್ಳಿ. ಕೆಲಸ ಹೋದರೆ ನಿಮ್ಮ ಜೊತೆ ಈ ಮಠ ನಿಲ್ಲಬೇಕು. ನಿಲ್ಲದಿದ್ದರೆ ಈ ಪೀಠದಲ್ಲಿ ನಾನು ಕೂರೋದು ಬೇಡ.

ಇವತ್ತು ಮಂಗಳಾರತಿ ಇಲ್ಲ. ಹೌದು, ಇಲ್ಲ. ದೀಪ ಹಿಡಿದು ನಿಂತವರು ಕೆಳಗಿಡಿ. ನಿಮ್ಮ ಮನೆಯ ಗೋಡೆ ಆಚೆ ಯಾರಿದ್ದಾರೆ, ಅವರಿಗೆ ಏನು ಕಾಯಿಲೆ, ಅವರ ಮನೆಯಲ್ಲಿ ಎಷ್ಟು ಜನ, ಇಲ್ಲಿ ಕೂತವರಲ್ಲಿ ಅರ್ಧಕ್ಕರ್ಧ ಜನಕ್ಕೆ ಗೊತ್ತಿಲ್ಲ. ಎದ್ದು ಹೋಗಿ. ಮೊದಲು ಆ ಬಾಗಿಲು ತಟ್ಟಿ, ಹೆಂಗಿದ್ದೀರಿ ಅಂತ ಕೇಳಿ ಬನ್ನಿ. ಆರತಿ ಆಮೇಲೆ ನೋಡೋಣ.