ಜಾಕ್ ಜಾರಿಲ್ಲ, ಇಳಿಸಿದರು

ಭೀಮರಾಜ್ ಬಿನ್ ಮುನಿವೆಂಕಟಯ್ಯ, 41 ವರ್ಷ, ಬೋರ್‌ವೆಲ್ ಮೋಟಾರ್ ರಿಪೇರಿ ಕೆಲಸ, ವಾಸ ಹಳೇ ಊರು, ತಣಿಸಂದ್ರ, ಬೆಂಗಳೂರು ಆದ ನಾನು ಠಾಣೆಗೆ ಖುದ್ದು ಹಾಜರಾಗಿ ಈ ಮೂಲಕ ತಿಳಿಸುವುದೇನೆಂದರೆ,

ತೋಟಗಳಿಗೆ ಮೋಟಾರು, ಪೈಪು ಸಾಗಿಸಲು ಕೆಸರಿನಲ್ಲೂ ಎಳೆಯುವ ಫೋರ್ ವೀಲ್ ಗಾಡಿ ನನಗೆ ಬೇಕಾಗಿತ್ತು. ಸೋಲದೇವನಹಳ್ಳಿಯ ವಿಜಯ್ ಕುಮಾರ್ ಎಂಬುವರ ಬಳಿ 1986ನೇ ಇಸವಿಯ ಪಿಕಪ್ ಇದೆಯೆಂದು ತಿಳಿದು, ನಿನ್ನೆ ಭಾನುವಾರ ಬೆಳಿಗ್ಗೆ 11 ಗಂಟೆಗೆ ನಾನು ಮತ್ತು ನನ್ನ ಹೆಂಡತಿ ಯಶೋಧಾ ಅವರ ಮನೆ ಹಿಂದಿನ ಶೆಡ್ಡಿಗೆ ಹೋದೆವು. ಫೋನಿನಲ್ಲಿ ನಾನು ನನ್ನ ಹೆಸರನ್ನು ಬರೀ ರಾಜ್ ಎಂದು ಹೇಳಿದ್ದೆ. ಸದರಿಯವರು ಗುರು, ಗುರು ಎಂದೇ ಮಾತನಾಡಿಸಿದರು.

ಬಾಗಿಲಿನ ಅಂಚಿಗೆ ಅಯಸ್ಕಾಂತ ಹಿಡಿದೆ, ನಿಲ್ಲಲಿಲ್ಲ. ಪೇಂಟಿನ ಕೆಳಗೆ ಬರೀ ಪುಟ್ಟಿ ಇತ್ತು. "ವಯಸ್ಸಾದ್ಮೇಲೆ ಮೇಕಪ್ ಬೇಡ್ವಾ ಗುರು?" ಎಂದು ಅವರು ನಕ್ಕರು. ನಾವೂ ನಕ್ಕೆವು. ಜಾಕ್ ಕೊಟ್ಟು, ಮುಂದಿನ ಎಡ ಚಕ್ರ ಬಿಚ್ಚಿ ಹಬ್ ನೋಡಿದೆ, ಚೆನ್ನಾಗಿತ್ತು. ಚಾಸಿ ನೋಡಲು ಗಾಡಿಯ ಕೆಳಗೆ ತೂರಿದೆ. ಬರೀ ಜಾಕ್ ನಂಬಿ ನಾವು ಕೆಲಸ ಮಾಡುವುದಿಲ್ಲವಾದ್ದರಿಂದ ಬಿಚ್ಚಿದ ಚಕ್ರವನ್ನು ಯಶೋಧಾ ಚಾಸಿಯಡಿ ಮಲಗಿಸಿ ತಳ್ಳಿದಳು. ಜಾಕಿನ ರಾಡ್ ಸದರಿಯವರ ಕೈಯಲ್ಲಿತ್ತು.

ಸ್ಕ್ರೂಡ್ರೈವರಿನಿಂದ ಕುಟ್ಟಿದಾಗ ಅದು ಚಾಸಿಯೊಳಗೇ ಹೋಯಿತು. ತುಕ್ಕು ಕಣ್ಣಿಗೆ ಉದುರಿತು. ಚಾಸಿ ತೂತಾಗಿದೆ, ಈ ಗಾಡಿ ಬೇಡ ಎಂದು ಅಲ್ಲಿಂದಲೇ ಹೇಳಿ ಇನ್ನೊಂದು ಕಡೆ ಕುಟ್ಟುತ್ತಿದ್ದೆ. ಅವರು ಏನೋ ಕೇಳಿದರು. ಕುಟ್ಟುವ ಸದ್ದಿನಲ್ಲಿ ನನಗೆ "ಮೇಲ್ಗಡೆನಾ, ಕೆಳಗಡೆನಾ?" ಎಂಬುದಷ್ಟೇ ಕೇಳಿಸಿತು. ತೂತು ಎಲ್ಲಿದೆಯೆಂದು ಕೇಳುತ್ತಿದ್ದಾರೆಂದು ತಿಳಿದು, "ಕೆಳಗಡೆನೇ ಅಣ್ಣಾ, ಇನ್ನೆಲ್ಲಿ?" ಎಂದೆ. ಅವರು ಕೇಳಿದ್ದು ಊರಿನಲ್ಲಿ ನಮ್ಮದು ಮೇಲಿನ ಬೀದಿಯೋ ಕೆಳಗಿನ ಬೀದಿಯೋ ಎಂದು. ಬೀದಿ ಎಂದರೆ ಜಾತಿ.

"ಹಂಗ್ ಹೇಳು ಮತ್ತೆ! ನಮ್ಮಪ್ಪ ಪೂಜೆ ಮಾಡಿದ್ ಗಾಡೀಲಿ ತೂತು ಹುಡ್ಕಕ್ಕೆ ನೀನ್ಯಾವನೋ?" ಎಂದು ಹೇಳಿ, ರಾಡನ್ನು ಜಾಕ್ ಇಳಿಸುವ ತಿರುಪಿಗೆ ಸಿಕ್ಕಿಸಿ ತಿರುಗಿಸಿದರು. ಗಾಡಿ ಇಳಿದು ಆ ಚಕ್ರದ ಮೇಲೆ ಕೂತಿತು. ಕಬ್ಬಿಣ ನನ್ನ ಎದೆಯ ಮೇಲೆ ನಿಂತಿತು. ಬಲಗೈ ಸಿಕ್ಕಿಕೊಂಡಿತು. ಹೊರಗಿನದೆಂದು ನನಗೆ ಕಾಣುತ್ತಿದ್ದುದು ಅವರ ಚಪ್ಪಲಿ ಮತ್ತು ಯಶೋಧಾಳ ಕಾಲು ಮಾತ್ರ. ಒಳಗೆಳೆದ ಉಸಿರು ಅರ್ಧಕ್ಕೇ ನಿಲ್ಲುತ್ತಿತ್ತು.

ತಪ್ಪಾಯ್ತು ಸ್ವಾಮಿ ಎಂದರೆ ಎತ್ತುವುದಾಗಿ ಹೇಳಿದರು. ಅಷ್ಟು ಮಾತಿಗೆ ನನ್ನಲ್ಲಿ ಗಾಳಿ ಇರಲಿಲ್ಲ. ಇದ್ದಿದ್ದರೂ ಹೇಳುತ್ತಿರಲಿಲ್ಲ.

"ಕೊಡೋ ರಾಡು!" ಎಂದು ಯಶೋಧಾ ನುಗ್ಗಿದಳು. "ಏಯ್, ಮುಟ್ಬೇಡ, ದೂರ ನಿಂತ್ಕೊ" ಎಂದು ಅವರು ಹಿಂದಕ್ಕೆ ಸರಿದರು. ಅವಳು ಮತ್ತೆ ಕೈ ಹಾಕಿದಳು. ಕೈಗೆ ಕೈ ತಾಗೀತೆಂದು ಅವರು ರಾಡನ್ನು ನೆಲಕ್ಕೆ ಬಿಟ್ಟರು. ಅವಳು ಅದನ್ನೆತ್ತಿಕೊಂಡು, ತಿರುಪು ಬಿಗಿಮಾಡಿ, ಪಂಪ್ ಮಾಡಿ, ಕಾಲು ಹಿಡಿದು ನನ್ನನ್ನು ಎಳೆದಳು. ನನ್ನ ಹೆಂಡತಿಯ ಕೈಯೆಂದರೆ ಅವರಿಗೆ ಹೇಸಿಗೆಯಾದ್ದರಿಂದ ನಾನು ಬದುಕಿದ್ದೇನೆ.

ಎರಡು ಪಕ್ಕೆಲುಬು ಮುರಿದಿವೆ. ಜಾಕ್ ಜಾರಿತೆಂದು ಬರೆಸಿ ರಾಜಿಯಾಗುವಂತೆ ಸದರಿಯವರ ಕಡೆಯವರು ಆಸ್ಪತ್ರೆಗೂ ಬಂದು ಒತ್ತಾಯಿಸಿ, ಈಗ ಈ ಠಾಣೆಯ ಬಾಗಿಲಲ್ಲೂ ನಿಂತಿದ್ದಾರೆ. ಜಾಕ್ ಜಾರಿಲ್ಲ. ನನ್ನ ಜಾತಿ ಕೇಳಿ ಇಳಿಸಿದರು. ಠಾಣೆಯವರು ಬರೆದ ಮೊದಲ ಪ್ರತಿಯಲ್ಲಿ "ಜಾರಿತು" ಎಂದಿತ್ತು, ಅದಕ್ಕೆ ನಾನು ಸಹಿ ಹಾಕಲಿಲ್ಲ. ಈಗ "ಇಳಿಸಿದರು" ಎಂದು ಬರೆದಿದ್ದಾರೆ. ಓದಿಸಿ ಕೇಳಿದ್ದೇನೆ, ನಡೆದದ್ದು ಇದೇ. ಬಲಗೈ ಏಳದ ಕಾರಣ ಎಡಗೈಯಲ್ಲಿ ಸಹಿ ಮಾಡಿದ್ದೇನೆ.

ಸ್ಥಳ: ಬೆಂಗಳೂರು
ದಿನಾಂಕ: 16-06-2025
(ಸಹಿ) ಭೀಮರಾಜ್