ಗೋಡೆಯಾಚೆಯ ಹೊಲಿಗೆ ಮೆಷಿನ್ನು

ಆಸ್ಪತ್ರೆಯಲ್ಲಿ ಕಾದು ಕಾದು ನಾನೂ ಒಂದು ಬೆಂಚೇ ಆಗಿಹೋಗಿದ್ದೆ. ಪಕ್ಕದಲ್ಲಿ ಅಕ್ಕತಂಗಿಯರಿಬ್ಬರು ಮಾತಾಡುತ್ತಿದ್ದರು.

"ಪಕ್ಕದ್ಮನೆ ಟೈಲರಣ್ಣ ತೀರ್ಕೊಂಡು ತಿಂಗಳಾಯ್ತಲ್ಲೇ," ಎಂದಳು ಅಕ್ಕ.

"ಇನ್ನು ಮೆಷಿನ್ ಗಲಾಟೆ ಇಲ್ಲ ಬಿಡಕ್ಕ. ನೆಮ್ಮದಿಯಾಗಿ ಪ್ರಾರ್ಥನೆ ಮಾಡ್ಕೋ."

"ಅವನ ದೇವರೇ ಬೇರೆ. ಆದ್ರೂ ನನ್ನ ಪ್ರಾರ್ಥನೆ ಹೊತ್ತಿಗೆ ದಿನಾ ಮೆಷಿನ್ ನಿಲ್ಲಿಸ್ತಿದ್ದ ಕಣೇ. ಮದುವೆ ಬಟ್ಟೆ ರಾಶಿ ಬಿದ್ದಿದ್ರೂ."

"ನೀನು ಹೇಳಿದ್ದಾ?"

"ಒಂದಿನವೂ ಇಲ್ಲ. ಅದು ನಿಂತ ತಕ್ಷಣ ನಾನು ಕೂರ್ತಿದ್ದೆ."

"ಈಗ ಗಡಿಯಾರ ನೋಡ್ಕೊಂಡು ಕೂರು."

"ಕೂರ್ತೀನಿ. ಕಿವಿ ಗೋಡೆ ಕಡೆಗೇ ಇರುತ್ತೆ. ದೇವರ ಹೆಸರೇ ಬಾಯಿಗೆ ಬರಲ್ಲ."

"ಅಯ್ಯೋ!"

"ನಾಲ್ಕು ದಿನ ನಮ್ಮನೇಗೆ ಬಂದು ಇರೇ. ಪಾತ್ರೆ ಬಡಿ, ನನ್ನನ್ನೇ ಬೈ, ಏನಾದ್ರೂ ಸದ್ದು ಮಾಡು. ಸಂಜೆ ಆರಕ್ಕೆ ಮಾತ್ರ ಸುಮ್ಮನಾಗ್ಬಿಡು."

ನರ್ಸ್ ಕರೆದಳು. ತಂಗಿ ಅಕ್ಕನ ಚೀಲವನ್ನೂ ತಾನೇ ಎತ್ತಿಕೊಂಡು, ಅವಳ ಕೈ ಹಿಡಿದು ಒಳಗೆ ನಡೆದಳು.